ಪೂರ್ತಿ ಚಾಚದ ತೋಳು

ಕ್ಲೀಟಸ್,

ನೀನಿದ್ದಿದ್ದರೆ ಫೋನ್ ಮಾಡುತ್ತಿದ್ದೆ. ಇವತ್ತು ಅಲಬಾಮಾದ ಕಾಲೇಜು ಮೈದಾನದಲ್ಲಿ, ಅಮೆರಿಕನ್ ಫುಟ್‌ಬಾಲಿನ ವೃತ್ತಿ ತಂಡಗಳ ಆಯ್ಕೆಗಾರರ ಸಾಲಿನಲ್ಲಿ ನಿಂತು ನಿನ್ನ ಮಗನನ್ನು ತೂಗಿ ನೋಡಿದೆ. ಅಂಚಿನಲ್ಲಿ ಓಡಿ ಚೆಂಡು ಹಿಡಿಯುವುದರಲ್ಲಿ ಡೇರಿಯನ್ ನಿನಗಿಂತ ಚುರುಕು. ಆದರೆ ಪಂದ್ಯಗಳ ವಿಡಿಯೊದಲ್ಲಿ, ಎದುರಾಳಿಗಳು ಡಿಕ್ಕಿ ಹೊಡೆದು ಕೆಡವಲು ಕಾದಿರುವ ಮೈದಾನದ ನಡುವೆ ಚೆಂಡು ಬಂದಾಗಲೆಲ್ಲ ತೋಳನ್ನು ಪೂರ್ತಿ ಚಾಚುವುದಿಲ್ಲ. ಅಂಥದೇ ಚೆಂಡಿಗೆ ಚಾಚಿ ನೀನು ಕತ್ತು ಮುರಿದುಕೊಂಡೆ, ಮತ್ತೆಂದೂ ನಡೆಯಲಿಲ್ಲ.

"ಮೊಸಳೆಗಿರೋ ಗಿಡ್ಡ ಕೈ ಕಣಯ್ಯ ಇವನದು," ಎಂದು ಪಕ್ಕದ ಆಯ್ಕೆಗಾರ ಹಾರ್ಲನ್ ನಕ್ಕ. ನಾನೂ ತಲೆಯಾಡಿಸಿದೆ.

ಆಮೇಲೆ ಹುಡುಗನನ್ನು ಕೇಳಿದೆ. "ಯಾಕೋ, ಭಯಾನಾ?"

"ನಂಗಲ್ಲ ಅಂಕಲ್. ಅಮ್ಮ ಪ್ರತಿ ಮ್ಯಾಚಿಗೂ ಬರ್ತಾಳೆ. ನಾನು ಬಿದ್ದು ಏಳೋತನಕ ಉಸಿರೇ ಬಿಡಲ್ಲ."

ಗೇಟಿನ ಬಳಿ ನಿನ್ನ ವರ್ನೀಸ್ ಕಾಯುತ್ತಿದ್ದಳು.

"ತಗೋತಾರಾ ಇವನ್ನ? ಸುಳ್ಳು ಹೇಳ್ಬೇಡ."

"ನಮ್ಮ ತಂಡ ತಗೊಳ್ಳಲ್ಲ. ಬೇರೆಯವರು ತಗೊಳ್ಳೋದೂ ಅನುಮಾನವೇ."

"ಪಾಪ, ಎಷ್ಟು ಕಷ್ಟಪಟ್ಟಿದ್ದ," ಎಂದಳು. ಆದರೆ ಅವಳ ಬಿಗಿದ ಭುಜಗಳು ಸಡಿಲಾದವು, ಮುಖ ಹಗುರಾಯಿತು. ಡೇರಿಯನ್ ಆ ಮುಖವನ್ನೇ ನೋಡುತ್ತಿದ್ದ. ಆಮೇಲೆ ಅವಳ ಕೈಯಿಂದ ಕಾರಿನ ಕೀ ತೆಗೆದುಕೊಂಡ.

"ಬಾರಮ್ಮ, ನಾನೇ ಓಡಿಸ್ತೀನಿ."