ಒಂದು ಸಲಕ್ಕೆ ಒಂದೇ ಮಣಿ

ಮಾರ್ಚ್ ೩, ಸೋಮವಾರ

ಮಗಳು ಗುಬ್ಬಿಯ ಲ್ಯಾಬಿನ ಬಿಳಿ ಕೋಟಿಗೆ ಇಸ್ತ್ರಿ ಮಾಡಿದೆ. ತೋಳಿನ ಮೇಲೆ ನೇರಳೆ ಕಲೆ — ಎರಡು ಸಲ ಉಜ್ಜಿದರೂ ಹೋಗಲಿಲ್ಲ. ಅಷ್ಟರಲ್ಲಿ ಹಾಲು ಉಕ್ಕಿತು. ಒರೆಸಿದೆ.

ಬಸ್ಸಿಗೆ ಓಡುತ್ತಾ ಮಗಳು ಹೇಳಿದಳು, "ಅಪ್ಪಾ, ಸಾಯಂಕಾಲ ಸ್ಟಾಪಿಗೆ ಬರಬೇಡ. ಸರ್ ಕಾರಲ್ಲಿ ಬಿಡ್ತಾರೆ."

ಸರ್ ಅಂದರೆ ಅವಳ ಪಿಎಚ್‌ಡಿ ಗೈಡು. ನಾನಿಟ್ಟ ಹೆಸರು ಬಿಳಿಕೋಟು. ಹೆಚ್ಚುಕಡಿಮೆ ನನ್ನ ವಯಸ್ಸೇ. ತಲೆ ತುಂಬ ಕೂದಲು ಬೇರೆ.

ಊಟಕ್ಕೆ ಕೂತಾಗ ಎಂದಿನಂತೆ ಕೇಳಿದೆ, "ಇವತ್ತು ಏನಾಯ್ತಮ್ಮಾ?" ಅವಳಮ್ಮ ಹೋದಾಗಿನಿಂದ ಈ ಪ್ರಶ್ನೆ ನನ್ನ ಪಾಲಿಗೆ ಬಂದದ್ದು. ಮೊದಲು ಕೇಳುತ್ತಿದ್ದವಳು ಅವಳು. ನಾನು ಪೇಪರ್ ಓದುತ್ತಿದ್ದೆ...

ಗುಬ್ಬಿ ಅರ್ಧ ಗಂಟೆ ಹೇಳಿದಳು. ಅವಳ ಹತ್ತಿರ ಇರುವುದು ನಿಜವಾದ ವೈರಸ್ ಅಲ್ಲವಂತೆ. ಒಳಗೆ ನಿರುಪದ್ರವಿ, ಮೈಮೇಲೆ ಮಾತ್ರ ಕೆಟ್ಟ ವೈರಸ್ಸಿನ ಪ್ರೋಟೀನು. ಒಟ್ಟಿನಲ್ಲಿ ವೇಷಧಾರಿ. ಅದು ಜೀವಕೋಶದೊಳಗೆ ನುಗ್ಗಿದರೆ ಕೋಶ ಹಸಿರಾಗಿ ಹೊಳೆಯುತ್ತದೆ. ಆ ಪ್ರೋಟೀನು ಮಣಿಸರದ ಹಾಗೆ. ಒಂದು ಮಣಿ ತೆಗೆದು, ಅದರ ಜಾಗಕ್ಕೆ ಅಲನೈನ್ ಎಂಬ ಸಪ್ಪೆ ಮಣಿ ಪೋಣಿಸುವುದು. ಆಮೇಲೂ ಹಸಿರು ಬಂದರೆ ಆ ಮಣಿ ಇದ್ದರೂ ಒಂದೇ, ಹೋದರೂ ಒಂದೇ. ಬರದಿದ್ದರೆ — ಅದೇ ಬಾಗಿಲು ತೆರೆಯುವ ಮಣಿ.

"ಹತ್ತು ಮಣಿ ಒಟ್ಟಿಗೆ ತೆಗೆದ್ರೆ ಬೇಗ ಮುಗಿಯುತ್ತಲ್ಲ?" ಅಂದೆ.

"ಅಯ್ಯೋ ಅಪ್ಪಾ! ಯಾವುದರಿಂದ ಕೆಟ್ಟಿತು ಅಂತ ಆಮೇಲೆ ಹೇಗೆ ಹೇಳ್ತೀಯಾ? ಒಂದು ಸಲಕ್ಕೆ ಒಂದೇ ಮಣಿ. ಕೆಟ್ಟರೆ ಅದೇ ಮಣಿ ವಾಪಸ್ ಹಾಕಿ, ಸರಿಹೋಗುತ್ತಾ ನೋಡ್ಬೇಕು. ಸರ್ ಯಾವಾಗ್ಲೂ ಹೇಳ್ತಾರೆ..."

ಮತ್ತೆ ಸರ್. ಸಾರು ಸಪ್ಪೆ ಅನ್ನಿಸಿತು.

ಮಾರ್ಚ್ ೫, ಬುಧವಾರ

ಇಪ್ಪತ್ತೆಂಟಕ್ಕೆ ಅವಳ ವೈವಾ. ಪಿಎಚ್‌ಡಿಯ ಕಡೆಯ ಪರೀಕ್ಷೆ. ಎಲ್ಲರೆದುರು ನಿಂತು ಮಾತನಾಡಬೇಕು.

ಸ್ಕೂಲಿನ ಭಾಷಣದಿಂದ ಹಿಡಿದು ಕಾಲೇಜಿನ ಸೆಮಿನಾರಿನವರೆಗೆ, ಅವಳ ಪ್ರತಿ ಮಾತನ್ನೂ ಮೊದಲು ಕೇಳಿದವನು ನಾನು. ನಾನು ಮಂಚದ ಮೇಲೆ. ಅವಳು ಫ್ರಿಜ್ಜಿನ ಮುಂದೆ. ಅರ್ಥವಾಗಲಿ ಬಿಡಲಿ, ಮೊದಲ ಕಿವಿ ನನ್ನದು.

ಇವತ್ತು ತಾನಾಗಿ ಹೇಳಿದಳು, "ಹದಿನೈದಕ್ಕೆ ಸರ್ ಮುಂದೆ ರಿಹರ್ಸಲ್."

"ಓ... ಗುಡ್, ಗುಡ್," ಅಂದೆ. ಗುಡ್ಡೂ ಇಲ್ಲ, ಗವಿಯೂ ಇಲ್ಲ. ಹೊಟ್ಟೆಯೊಳಗೆ ಬೆಂಕಿ ಬಿದ್ದಿದೆ. ಸಾಕಿ ಸಲಹಿದ್ದು ನಾನು, ಕೇಳುವ ಭಾಗ್ಯ ಅವನಿಗೆ.

ಈ ಮನೆಯಲ್ಲಿ ನಾನು ಯಾವ ಮಣಿ? ತೆಗೆದು ನೋಡಿದರೆ ಗೊತ್ತಾಗುತ್ತದೆ.

ಮಾರ್ಚ್ ೬, ಗುರುವಾರ

ತೆಗೆದೆ. ಇಸ್ತ್ರಿ ಇಲ್ಲ. ಬಸ್ ಸ್ಟಾಪಿಗೆ ಹೋಗಲಿಲ್ಲ. ಊಟದ ಹೊತ್ತಿನ ಪ್ರಶ್ನೆಯನ್ನೂ ಕೇಳಲಿಲ್ಲ. ಸಿಟ್ಟಿನ ಭರಕ್ಕೆ ಮೂರೂ ಒಂದೇ ದಿನ ಹೋದವು.

ಮಾರ್ಚ್ ೯, ಭಾನುವಾರ

ರಿಸಲ್ಟ್: ಮುದುಡಿದ ಕೋಟಿನಲ್ಲೇ ಹೋಗುತ್ತಾಳೆ. ಸ್ಟಾಪಿನಿಂದ ಒಬ್ಬಳೇ ನಡೆದು ಬರುತ್ತಾಳೆ. ತಟ್ಟೆ ಮುಂದೆ ನಾನು ಬಾಯಿ ಹೊಲಿದುಕೊಂಡು ಕೂತರೆ, ನನ್ನ ಮುಖವನ್ನೊಮ್ಮೆ ನೋಡಿ ಉಪ್ಪು ಹಾಕಿಕೊಳ್ಳುತ್ತಾಳೆ. ಅಷ್ಟೇ.

ಹಿತ್ತಲ ಕಡೆಯ ಮನೆಯಿಂದ ನಾದಿನಿ ಬಂದಿದ್ದಳು. ತೀರಿಹೋದವಳ ತಂಗಿ — ನಾಲಿಗೆ ಅಕ್ಕನದೇ. "ಏನ್ ಭಾವ, ಸುಟ್ಟ ಬದನೆಕಾಯಿ ಥರ ಮುಖ ಮಾಡ್ಕೊಂಡಿದೀರಲ್ಲ?" "ಗ್ಯಾಸು," ಅಂದೆ. "ಗ್ಯಾಸಲ್ಲ ಭಾವ, ಹೊಟ್ಟೆಕಿಚ್ಚು. ವಾಸನೆ ನಮ್ಮನೆ ತನಕ ಬರ್ತಿದೆ."

ಮಾರ್ಚ್ ೧೭, ಸೋಮವಾರ

ಬರೆಯಲು ಮನಸ್ಸಿರಲಿಲ್ಲ. ಗುಬ್ಬಿ ಈಗ ಎಂಟಾದರೂ ಮನೆಗಿಲ್ಲ. ಬಂದರೂ ಮಾತಿಲ್ಲ, ಊಟ ಅರ್ಧ. ಹದಿನೈದು ಕಳೆಯಿತು. ಬಿಳಿಕೋಟು ಎಲ್ಲ ಕೇಳಿ ಮುಗಿಸಿರುತ್ತಾನೆ — ತಲೆಗೂದಲು ನೇವರಿಸಿಕೊಳ್ಳುತ್ತಾ.

ಹಿಂದೊಮ್ಮೆ ಅವಳು ಹೇಳಿದ್ದು ನೆನಪಾಯಿತು. ಹಸಿರು ಬರದಿದ್ದರೆ ಪ್ರೋಟೀನು ಅಲ್ಲಿ ಇದೆಯೋ ಇಲ್ಲವೋ ಅಂತ ಜೆಲ್ ಎಂಬ ಲೋಳೆ ಹಾಳೆಯ ಮೇಲೆ ಓಡಿಸಿ ನೋಡುತ್ತಾರೆ. ಇದ್ದರೆ ಕಪ್ಪು ಪಟ್ಟಿ ಕಾಣುತ್ತದೆ. ಬ್ಯಾಂಡ್ ಅನ್ನುತ್ತಾರೆ. ಕೆಲವು ಸಲ ಬ್ಯಾಂಡ್ ಇರುತ್ತದೆ, ಹಸಿರು ಇರುವುದಿಲ್ಲ.

ನಾನೂ ಹಾಗೇ. ಬ್ಯಾಂಡ್ ಇದೆ.

ಮಾರ್ಚ್ ೧೯, ಬುಧವಾರ. ಮಧ್ಯಾಹ್ನ

ಬಿಳಿಕೋಟಿನ ಫೋನು! "ಹಲೋ, ಹೌ ಡು ಯು ಡು," ಅಂದೆ. ಅದೊಂದೇ ತೋಚಿದ್ದು.

"ಮನೇಲಿ ಏನಾಗಿದೆ ಹೇಳಿ ಮಹರಾಯ್ರೇ," ಅಂದ. "ದಿನಾ ಸಾಯಂಕಾಲ ನಾನು ಬ್ಯಾಗ್ ಎತ್ಕೊಳೋ ಹೊತ್ತಿಗೆ ನಿಮ್ಮ ಮಗಳು ಬಂದು ಕೂತ್ಕೊಂಡು, ಬೆಳಿಗ್ಗೆಯಿಂದ ಆಗಿದ್ದೆಲ್ಲ ಹೇಳ್ತಾಳೆ. ಯಾವ ಪಿಪೆಟ್ ಸೋರ್ತು, ಬಸ್ಸಲ್ಲಿ ಯಾರು ಜಗಳ ಆಡಿದ್ರು... ನನಗೂ ಮನೆ ಇದೆ ಕಣ್ರೀ! ನಮ್ಮನೆಯವಳು ತಟ್ಟೆ ಮುಚ್ಚಿಟ್ಟು ಮಲಗ್ತಾಳೆ."

ಅವನು ನಿಲ್ಲಿಸಲಿಲ್ಲ.

"ರಿಹರ್ಸಲ್ ಮಾತ್ರ ಮಾಡಲ್ಲ. ಹದಿನೈದನ್ನ ಮುಂದೂಡಿದ್ಳು, ನಿನ್ನೇನೂ ಮುಂದೂಡಿದ್ಳು. ಕೇಳಿದ್ರೆ, 'ಮನೇಲಿ ಇನ್ನೂ ಹೇಳಿಲ್ಲ ಸರ್' ಅಂತಾಳೆ."

ಫೋನ್ ಇಟ್ಟು ಮೆಟ್ಟಿಲ ಮೇಲೆ ಕೂತೆ. ಕಾಲೇಜಿನಲ್ಲಿ ಓದಿದ್ದ ಒಂದು ಮಾತು. ನೇಚರ್... ವ್ಯಾಕ್ಯೂಮ್... ಖಾಲಿ ಜಾಗವನ್ನು ಪ್ರಕೃತಿ ಸಹಿಸುವುದಿಲ್ಲ ಎಂಬರ್ಥ. ನಡುವಿನ ಶಬ್ದ ಮರೆತಿದೆ. ಜಾಗ ಖಾಲಿ ಮಾಡಿದವನು ನಾನು. ಕೈಯಾರೆ ಕುರ್ಚಿ ಎಳೆದು ಬಿಳಿಕೋಟನ್ನು ಕೂರಿಸಿದವನೂ ನಾನೇ. ಇಷ್ಟು ದಿನದ ಸೋರುವ ಪಿಪೆಟ್ಟು, ಬಸ್ಸಿನ ಜಗಳ ಎಲ್ಲ ಅವನ ಕಿವಿಯಲ್ಲಿವೆ. ಅವನಿಗೆ ಬೇಡದ ಆಸ್ತಿ! ಹೊಟ್ಟೆಕಿಚ್ಚು ಕಡಿಮೆಯಾಗಬೇಕಿತ್ತು. ದುಪ್ಪಟ್ಟಾಯಿತು.

ಮಾರ್ಚ್ ೨೦, ಗುರುವಾರ

ಈ ಸಲ ಕ್ರಮವಾಗಿ. ಒಂದು ಸಲಕ್ಕೆ ಒಂದೇ ಮಣಿ. ಇವತ್ತು ಇಸ್ತ್ರಿ ಮಾತ್ರ ವಾಪಸ್ ಹಾಕಿದೆ. ಕೋಟು ನೋಡಿ, "ಥ್ಯಾಂಕ್ಸ್," ಅಂದಳು. ಪಕ್ಕದ ಮನೆಯವರಿಗೆ ಹೇಳುವ ಹಾಗೆ. ಹಸಿರಿಲ್ಲ.

ಮಾರ್ಚ್ ೨೧, ಶುಕ್ರವಾರ

ಬಸ್ ಸ್ಟಾಪಿಗೆ ಹೋದೆ. ಮೂರು ಬಸ್ಸು ಹೋದ ಮೇಲೆ ನಾಲ್ಕನೆಯದರಿಂದ ಇಳಿದಳು. ಬ್ಯಾಗು ಕೊಟ್ಟಳು. ದಾರಿಯುದ್ದಕ್ಕೂ ಚಪ್ಪಲಿ ಸದ್ದು ಮಾತ್ರ. ನಾಲಿಗೆಯ ತುದಿಗೆ ಬಂದಿತ್ತು ಪ್ರಶ್ನೆ. ನುಂಗಿದೆ — ಒಂದು ಸಲಕ್ಕೆ ಒಂದೇ.

ಮಾರ್ಚ್ ೨೨, ಶನಿವಾರ. ರಾತ್ರಿ

ತಟ್ಟೆ ಹಾಕಿದೆ. "ಇವತ್ತು ಏನಾಯ್ತಮ್ಮಾ?"

ಗುಬ್ಬಿ ತುತ್ತು ಕೆಳಗಿಟ್ಟಳು. ಎದ್ದು ಕೋಣೆಗೆ ಹೋದಳು. ಬಾಗಿಲ ಸದ್ದು. ಮುಗಿಯಿತು, ತೆಗೆದ ಮಣಿ ವಾಪಸ್ ಹಾಕಿದರೂ ಕೂರಲಿಲ್ಲ ಅಂದುಕೊಂಡು ಈ ಪುಸ್ತಕ ಹಿಡಿದು ಮಂಚದ ಮೇಲೆ ಕೂತಿದ್ದೇನೆ.

ಲ್ಯಾಪ್‌ಟಾಪ್ ಹಿಡಿದು ಬಂದಳು. ಮೂಗು ಕೆಂಪು. ಫ್ರಿಜ್ಜಿನ ಮುಂದೆ ನಿಂತಿದ್ದಾಳೆ.

"ಎಷ್ಟು ದಿನ ಅಪ್ಪಾ, ಮುನಿಸು?"

"ಮುನಿಸಲ್ಲ. ಎಕ್ಸ್‌ಪೆರಿಮೆಂಟು."

"ಕರ್ಮ!" ನಗುತ್ತಾ ಮೂಗೊರೆಸಿಕೊಂಡಳು. "ಶುರು ಮಾಡ್ಲಾ?"

"ತಡಿ. ಮೊದಲು ಆ ಸೋರೋ ಪಿಪೆಟ್ ಕಥೆ. ಆಮೇಲೆ ಬಸ್ಸಿನ ಜಗಳ. ಅವನಿಗೆ ಹೇಳಿದ್ದೆಲ್ಲ ನನಗೂ ಬೇಕು."

"ಎಲ್ಲಾನೂ?"

"ಒಂದೂ ಬಿಡಬಾರದು."

ಹೇಳುತ್ತಿದ್ದಾಳೆ. ಪೆನ್ನು ಕೆಳಗಿಡು, ಇಲ್ಲದಿದ್ದರೆ ಕಿತ್ಕೊಳ್ತೀನಿ ಅನ್ನುತ್ತಿದ್ದಾಳೆ. ಇದೊಂದು ಸಾಲು ಬರೆದು ಇಡುತ್ತೇನೆ — ಜಗಳದಲ್ಲಿ ಕಂಡಕ್ಟರನ ಟೋಪಿ ಹಾರಿದ್ದು ಬಿಳಿಕೋಟಿಗೆ ಗೊತ್ತಿಲ್ಲವಂತೆ. ಅದನ್ನು ಮೊದಲು ಕೇಳುತ್ತಿರುವವನು ನಾ