ಹನಿ ಮೇಷ್ಟ್ರ ತಪ್ಪು-ಒಪ್ಪು

ಮನೆ, ಹಿಂಬದಿಯ ಕೋಣೆ
ಮಂಗಳವಾರ, ಹದಿನೇಳನೇ ತಾರೀಖು

ಪ್ರೀತಿಯ ಯಾಕಮ್ಮಾ,

ದೊಡ್ಡಪ್ಪನ ಆಶೀರ್ವಾದ. ಹೇಗಿದ್ದೀಯ? ನಿಂತು ನಿಂತು ಹಿಮ್ಮಡಿ ನೋಯುತ್ತದೆ ಎಂದಿದ್ದೆಯಲ್ಲ, ಮೆತ್ತನೆಯ ಅಟ್ಟೆಯ ಚಪ್ಪಲಿ ಕೊಂಡೆಯಾ? ಊರಿನ ನರ್ಸಮ್ಮಂದಿರಿಗೆಲ್ಲ ಮೊದಲು ನಿಮ್ಮ ಕಾಲು ನೋಡಿಕೊಳ್ಳಿ ಎಂದು ಪಾಠ ಹೇಳಿದವನ ಮಗಳು, ನಿನಗೆ ನಾನು ಹೇಳಬೇಕೆ! ನನಗೇನೂ ಆಗಿಲ್ಲ. ಕಣ್ಣು ಇದ್ದ ಹಾಗೇ ಇದೆ, ಹಸಿವೂ ಇದ್ದ ಹಾಗೇ ಇದೆ. ನಿನ್ನಪ್ಪ ಹೋಗಿ ಏಳು ವಾರವಾಯಿತು, ಇನ್ನೂ ಅಳು ಬಂದಿಲ್ಲ. ಬರುತ್ತದೇನೋ ಎಂದು ಒಮ್ಮೆ ಕನ್ನಡಿಯ ಮುಂದೆ ನಿಂತು ಕಾದೆ; ಕೊನೆಗೆ ಗಡ್ಡ ಹೆರೆದುಕೊಂಡು ಬಂದೆ. ಪತ್ರಿಕೆಗೆ ಕೊಡಬೇಕಿದ್ದ ನಿಧನದ ಸುದ್ದಿಯಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿತ್ತು, ತೆಗೆಸಿದೆ. ಅವತ್ತು ನಾನು ಮಾಡಿದ ಕೆಲಸ ಅದೊಂದೇ. ನಲವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ, ಅದಕ್ಕೆ ಬೇರೇನು ಗೊತ್ತು. ನಿನ್ನ ದೊಡ್ಡಮ್ಮ ಮಾತ್ರೆ ಡಬ್ಬಿಯ ಮೇಲೆ ಬರೆದ ಚೀಟಿಯನ್ನೂ ಮೊನ್ನೆ ತಿದ್ದಿದೆ. ‘ಸಾಯೋ ಹೊತ್ತಿಗೂ ಪೆನ್ಸಿಲ್ ಬಿಡಲ್ವೇನ್ರೀ’ ಎಂದಳು.

ನಿನ್ನ ಕಾರ್ಡು ಬಂತು. ‘ಆ ಪುಸ್ತಕ ಅಲ್ಲಿಗೇ ಮುಗೀಲಿ ದೊಡ್ಡಪ್ಪ, ನಾನು ಸಹಿ ಹಾಕಲ್ಲ.’ ಒಂದೇ ಸಾಲು. ನನಗೆ ಬೇಸರವಿಲ್ಲ. ತಪ್ಪು ನನ್ನದೇ, ಕಾಲೇಜಿನವರು ಕೊಟ್ಟ ಒಪ್ಪಿಗೆ ಪತ್ರವನ್ನು ಹಿಂದೆ ಮುಂದೆ ಏನೂ ಹೇಳದೆ ಲಕೋಟೆಗೆ ತುರುಕಿ ಕಳಿಸಿಬಿಟ್ಟೆ. ಆದರೆ ಯಾಕೆ ಎಂದು ನೀನೂ ಕೇಳಲಿಲ್ಲ. ಮಳೆ ಯಾಕೆ ಕೆಳಗೇ ಬೀಳುತ್ತೆ, ದೊಡ್ಡಪ್ಪನ ಬೆರಳು ಯಾಕೆ ಕಪ್ಪು ಎಂದು ತಲೆ ತಿಂದು ಹೆಸರನ್ನೇ ಯಾಕಮ್ಮ ಮಾಡಿಕೊಂಡವಳು ನೀನು. ಕೇಳದಿದ್ದರೂ ಹೇಳುತ್ತೇನೆ, ಕುಳಿತು ಓದು.

ನಿನ್ನಪ್ಪ ಪಾಠ ಹೇಳುತ್ತಿದ್ದ ನರ್ಸಿಂಗ್ ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವ ಹೆಂಗಸು ಹೋದ ತಿಂಗಳು ಚೀಲ ಹೊತ್ತು ಮನೆಗೆ ಬಂದಳು. ಚೀಲದಲ್ಲಿ ನಿನ್ನಪ್ಪನ ‘ಶುಶ್ರೂಷಕಿಯರಿಗೆ ಲೆಕ್ಕ’ ಪುಸ್ತಕದ ನಾಲ್ಕು ಪ್ರತಿ. ‘ನನ್ನ ಹತ್ರ ಇರೋದು ಇಷ್ಟೇ ಅಜ್ಜ. ಮೊದಲ ವರ್ಷದಲ್ಲೇ ಅರವತ್ತು ಜನ ಇದ್ದಾರೆ. ಒಬ್ಬೊಬ್ಬರಿಗೆ ಒಂದು ಗಂಟೆ ಕೊಡ್ತೀನಿ, ಪುಟದ ಮೇಲೆ ಪುಟ ಫೋಟೋ ಹೊಡ್ಕೊಂಡು ಓಡ್ತಾರೆ’ ಎಂದಳು. ನಮ್ಮ ಭಾಷೆಯಲ್ಲಿ ಆ ವಿಷಯಕ್ಕೆ ಬೇರೆ ಪುಸ್ತಕವಿಲ್ಲ. ಹೊರಗಿನ ಪುಸ್ತಕ ಕೊಳ್ಳುವ ಶಕ್ತಿ ಆ ಹುಡುಗಿಯರ ಮನೆಗಳಲ್ಲಿಲ್ಲ, ಕೊಂಡರೂ ಅರ್ಧ ಅರ್ಥವಾಗುವುದಿಲ್ಲ. ಪ್ರಕಾಶಕರು ಇನ್ನು ಅಚ್ಚು ಹಾಕುವುದಿಲ್ಲವೆಂದು ಹಕ್ಕನ್ನು ನಿನ್ನಪ್ಪನಿಗೆ ಹಿಂತಿರುಗಿಸಿ ಎರಡು ವರ್ಷವಾಯಿತು. ಈಗ ಅದು ನಿನ್ನದು. ನೀನು ಒಪ್ಪಿದರೆ ಪುಸ್ತಕವನ್ನು ಕಾಲೇಜಿನವರು ಕಂಪ್ಯೂಟರಿನಲ್ಲಿ ಎಲ್ಲರಿಗೂ ತೆರೆದಿಡುತ್ತಾರೆ. ಯಾರು ಬೇಕಾದರೂ ಓದಬಹುದು, ಅಚ್ಚು ತೆಗೆದುಕೊಳ್ಳಬಹುದು, ಬೇರೆ ಕಾಲೇಜಿನವರು ತಮಗೆ ಬೇಕಾದ ಪಾಠ ಸೇರಿಸಿಕೊಳ್ಳಬಹುದು, ತಪ್ಪಿದ್ದರೆ ತಿದ್ದಬಹುದು. ಮೇಲೆ ನಿನ್ನಪ್ಪನ ಹೆಸರು ಇದ್ದೇ ಇರುತ್ತದೆ.

ನಾನೂ ಸುಲಭಕ್ಕೆ ಒಪ್ಪಲಿಲ್ಲ ಮಗಳೇ. ‘ಬಾಗಿಲು ಹಾರುಹೊಡೆದಿಟ್ಟರೆ ಬೀದಿನಾಯಿ ನುಗ್ಗಲ್ವೇನಮ್ಮ? ಬಂದವರೆಲ್ಲ ತಿದ್ದೋಕೆ ಅದೇನು ಶಾಲೆ ಗೋಡೆಯೇ?’ ಎಂದೆ. ಅವಳು ನಕ್ಕಳು. ‘ನುಗ್ಗಿದ ನಾಯಿ ಹೆಸರೂ ಬರೆದಿರುತ್ತೆ ಅಜ್ಜ. ಯಾರು, ಯಾವತ್ತು, ಯಾವ ಸಾಲು ತಿದ್ದಿದ್ರು, ಯಾಕೆ ತಿದ್ದಿದ್ರು, ಎಲ್ಲಾ ಕೆಳಗೇ ಇರುತ್ತೆ. ನಮ್ಮ ಮೇಷ್ಟ್ರುಗಳು ನೋಡಿ ಸರಿ ಅಂದ ಮೇಲೇ ಅದು ಒಳಗೆ ಹೋಗೋದು.’ ಯಾರು ತಿದ್ದಿದರು ಎಂಬುದು ಬರೆದಿರುತ್ತದೆ ಎಂದಾಗ ನಾನು ಎದ್ದು ಚಹಾ ತಂದುಕೊಟ್ಟೆ. ಅವಳು ಚಹಾ ಕುಡಿದು ಲೋಟ ಕೆಳಗಿಟ್ಟು, ನಾಲ್ಕೂ ಪ್ರತಿಯ ನೂರ ಹನ್ನೆರಡನೇ ಪುಟ ತೆರೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು.

ಆ ಪುಟ ನಿನಗೆ ಮರೆಯುವಂಥದ್ದಲ್ಲ. ಒಂದು ಮಿಲಿ ಲೀಟರಿಗೆ ಇಪ್ಪತ್ತು ಹನಿಯ ನಳಿಕೆ. ಅರ್ಧ ಲೀಟರ್ ದ್ರಾವಣ ನಾಲ್ಕು ಗಂಟೆಯಲ್ಲಿ ರೋಗಿಯ ಮೈಗೆ ಹೋಗಬೇಕಾದರೆ ನಿಮಿಷಕ್ಕೆ ಎಷ್ಟು ಹನಿ? ೪೨ ಎಂದಿರಬೇಕಾದಲ್ಲಿ ೨೪ ಎಂದಿದೆ. ಎರಡು ಪ್ರತಿಯಲ್ಲಿ ಯಾರೋ ಪೆನ್ಸಿಲಿನಲ್ಲಿ ತಿದ್ದಿದ್ದಾರೆ. ಮೂರನೆಯದರಲ್ಲೂ ತಿದ್ದಿದ್ದರು, ಆದರೆ ಪುಸ್ತಕದಲ್ಲಿ ಗೀಚಬಾರದೆಂದು ಯಾರೋ ಒಳ್ಳೆಯ ಹುಡುಗಿ ರಬ್ಬರಿನಿಂದ ನೀಟಾಗಿ ಅಳಿಸಿದ್ದಾಳೆ. ನಾಲ್ಕನೆಯದು ಹುಟ್ಟಿದ ಹಾಗೇ ಇದೆ. ಯಾವ ಪ್ರತಿ ಕೈಗೆ ಬಂತೋ ಅದೇ ಆ ಹುಡುಗಿಯ ಹಣೆಬರಹ. ನಮ್ಮ ಅಚ್ಚುಕೂಟದಲ್ಲೇ ಆದ ಮೊದಲ ಮುದ್ರಣದಲ್ಲಿ ‘ತಪ್ಪು’, ‘ಒಪ್ಪು’ ಎಂದು ಎರಡು ಅಂಕಣದ ಪುಟ್ಟ ಚೀಟಿ ಅಂಟಿಸಿದ್ದೆವು. ಆಮೇಲಿನ ಮುದ್ರಣಗಳಲ್ಲಿ ಮುಖಪುಟ ಬದಲಾಯಿತು, ಬೆಲೆ ಬದಲಾಯಿತು, ಅಭ್ಯಾಸದ ಲೆಕ್ಕಗಳನ್ನು ಹಿಂದು ಮುಂದು ಮಾಡಿ ‘ಪರಿಷ್ಕೃತ’ ಎಂದು ಹಾಕಿದರು, ಚೀಟಿ ಮಾತ್ರ ಬಿದ್ದುಹೋಯಿತು. ನಿನ್ನಪ್ಪ ಐದು ಪತ್ರ ಬರೆದ. ಮುಂದಿನ ಸಲ ನೋಡೋಣ ಎಂದರು, ಪ್ರತಿ ಸಲವೂ ಎಂದರು.

ನಿನ್ನ ಕೈಗೆ ಬಂದದ್ದು ಚೀಟಿಯಿಲ್ಲದ ಪ್ರತಿ. ನರ್ಸಿಂಗ್ ಕಲಿಯುತ್ತಿದ್ದಾಗ ಅಪ್ಪನ ಪುಸ್ತಕವಲ್ಲವೇ ಎಂದು ಕಣ್ಣು ಮುಚ್ಚಿ ೨೪ಕ್ಕೆ ಹನಿ ಇಟ್ಟೆ. ಹಿರಿಯ ನರ್ಸು ನೋಡಿ ಸರಿಪಡಿಸಿದಳು, ರೋಗಿಗೆ ಏನೂ ಆಗಲಿಲ್ಲ. ಆದರೆ ಇಡೀ ವಾರ್ಡಿನ ಮುಂದೆ ‘ನಿಮ್ಮಪ್ಪಂಗೆ ಮೊದಲು ಲೆಕ್ಕ ಕಲಿಸಿ ಬಾ’ ಎಂದಳಂತೆ. ಮನೆಗೆ ಬಂದು ಅವನನ್ನು ಕೇಳಿದೆಯಲ್ಲ, ನಾನು ಅಲ್ಲೇ ಬಾಗಿಲ ಹತ್ತಿರ ಕುಳಿತಿದ್ದೆ. ‘ಕಣ್ತಪ್ಪಾಯ್ತು ಮಗಾ’ ಎಂದು ಅವನು ತಲೆ ತಗ್ಗಿಸಿದ. ನೀನು ಪುಸ್ತಕ ಬಿಸಾಡಿ ಎದ್ದು ಹೋದೆ. ಅವತ್ತಿನಿಂದ ಹನ್ನೊಂದು ವರ್ಷ ನೀವಿಬ್ಬರೂ ಆಡಿದ್ದೆಲ್ಲ ಊಟ ಆಯ್ತಾ, ಬಸ್ಸು ಸಿಕ್ತಾ ಎಂಬ ಮಾತು.

ಕೊನೆಯ ವಾರ ಆಸ್ಪತ್ರೆಯಲ್ಲಿ ಮಲಗಿ ಅವನು ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡುತ್ತಿದ್ದ, ತುಟಿ ಅಲ್ಲಾಡುತ್ತಿತ್ತು. ಏನೋ ಹೇಳುತ್ತಿದ್ದಾನೆ ಎಂದು ಕಿವಿ ಕೊಟ್ಟರೆ ಹನಿ ಎಣಿಸುತ್ತಿದ್ದಾನೆ! ‘ಜಾಸ್ತಿ ಬೀಳ್ತಿದೆ, ಸ್ವಲ್ಪ ಇಳಿಸಮ್ಮ’ ಎಂದ. ಅಲ್ಲಿದ್ದ ನರ್ಸು ಅವನ ಹಳೆಯ ವಿದ್ಯಾರ್ಥಿನಿ. ‘ಹನಿ ಮೇಷ್ಟ್ರೇ, ಈಗ ನೀವು ರೋಗಿ, ಬಾಯ್ಮುಚ್ಕೊಂಡು ಮಲಗಿ’ ಎಂದು ಗದರಿದಳು. ಆಮೇಲೆ ಗಡಿಯಾರ ಹಿಡಿದು ಎಣಿಸಿದಳು, ಇಳಿಸಿದಳು. ಅವಳನ್ನು ನಾನು ಕೇಳಿದೆ: ನೂರ ಹನ್ನೆರಡನೇ ಪುಟ ನೀನು ಹೇಗೆ ಓದಿದೆ ಎಂದು. ‘ತಿರುಗಿಸಿ ಓದಬೇಕು ಅಂತ ಹಿರಿಯರು ಹೇಳಿದ್ರು ಅಜ್ಜ. ನಾವೂ ಕಿರಿಯರಿಗೆ ಹೇಳಿದ್ವಿ’ ಎಂದಳು. ಹೇಳಿಸಿಕೊಳ್ಳದವರ ಗತಿಯೇನು?

ಇಷ್ಟೇ ವಿಷಯ. ಮುಂದಿನ ತಿಂಗಳು ಒಂದನೇ ತಾರೀಖು ಹೊಸ ಹುಡುಗಿಯರು ಬರುತ್ತಾರೆ. ನೀನು ಹೇಳಿದಂತೆ ಪುಸ್ತಕ ಅಲ್ಲಿಗೇ ಮುಗಿಯುವುದಾದರೆ ನನ್ನ ತಕರಾರಿಲ್ಲ. ಆದರೆ ಅದು ಮುಗಿಯುತ್ತಿಲ್ಲವಲ್ಲ; ಆ ನಾಲ್ಕು ಪ್ರತಿಗಳಿಂದ, ಫೋಟೋದಿಂದ ಫೋಟೋಗೆ, ೨೪ ಹಾಗೇ ಓಡಾಡುತ್ತಿದೆ. ತೆರೆದಿಟ್ಟರೆ ಒಂದು ಕಡೆ ತಿದ್ದಿದರೆ ಸಾಕು, ಎಲ್ಲರಿಗೂ ತಿದ್ದಿದ ಹಾಗೆ. ನಲವತ್ತು ವರ್ಷದ ಕಸುಬಿನಲ್ಲಿ ಅಂಥ ಭಾಗ್ಯ ನನಗೆ ಸಿಕ್ಕಿರಲಿಲ್ಲ. ಅಚ್ಚಾದ ಮೇಲೆ ನಮ್ಮದು ಬರೀ ಚೀಟಿ ಅಂಟಿಸುವ ಬಾಳು. ಒಪ್ಪಿಗೆ ಪತ್ರದ ಇನ್ನೊಂದು ಪ್ರತಿ ಇದರೊಳಗಿದೆ.

ಕಾಲು ಬಿಸಿನೀರಿನಲ್ಲಿ ಇಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ವರ್ಷ ತಣ್ಣಗೆ ಬಾಳು ತಾಯಿ. ದೊಡ್ಡಮ್ಮ ನಿನ್ನನ್ನು ಕೇಳಿದಳು ಎಂದು ಬರೆಯಲು ಮೂರು ಸಲ ಹೇಳಿದ್ದಾಳೆ, ಒಂದೇ ಸಲ ಬರೆದಿದ್ದೇನೆ.

ನಿನ್ನ
ದೊಡ್ಡಪ್ಪ

ವಿ.ಸೂ.: ಲಕೋಟೆ ಅಂಟಿಸಿ ಮತ್ತೆ ಒಡೆದಿದ್ದೇನೆ. ನಿನ್ನಪ್ಪ ಬರೆದದ್ದು ೪೨ ಎಂದೇ. ಅಚ್ಚಿನ ಮೊಳೆ ಜೋಡಿಸಿದವನೂ ೪೨ ಎಂದೇ ಜೋಡಿಸಿದ್ದ. ಅದರ ಮೇಲಿನ ಇನ್ನೊಂದು ಲೆಕ್ಕದಲ್ಲಿ ‘೨೪ ಗಂಟೆ’ ಎಂದಿದ್ದದ್ದು ನೋಡಿ, ಇಲ್ಲಿ ಅಂಕಿ ಹಿಂದುಮುಂದಾಗಿದೆ ಎಂದುಕೊಂಡು ಅದಲುಬದಲು ಗುರುತು ಹಾಕಿದವನು ನಾನು. ಲೆಕ್ಕ ಮಾಡಿ ನೋಡಲಿಲ್ಲ, ಪಕ್ಕದ ಕೋಣೆಯಲ್ಲಿದ್ದ ತಮ್ಮನನ್ನು ಕೇಳಲೂ ಇಲ್ಲ. ‘ನಿನ್ನ ಕೆಲಸ ಹೋಗುತ್ತೆ ಅಣ್ಣ, ನನ್ನ ಮೇಲೇ ಇರಲಿ ಬಿಡು’ ಎಂದು ಅವನು ಚೀಟಿಯಲ್ಲಿ ‘ಲೇಖಕನ ಕಣ್ತಪ್ಪು’ ಎಂದು ಬರೆದುಕೊಟ್ಟ. ಆ ಚೀಟಿಯ ಕರಡು ತಿದ್ದಿದವನೂ ನಾನೇ. ಅದರಲ್ಲಿದ್ದ ಒಂದೇ ಒಂದು ತಪ್ಪನ್ನು ಹಾಗೇ ಬಿಟ್ಟೆ. ನೀನು ಪುಸ್ತಕ ಬಿಸಾಡಿದ ದಿನವೂ ಬಾಗಿಲ ಹತ್ತಿರ ಸುಮ್ಮನೆ ಕುಳಿತಿದ್ದೆ. ಸಹಿ ಹಾಕುವುದು ಬಿಡುವುದು ನಿನ್ನ ಇಷ್ಟ. ಹಾಕಿದರೆ, ಕೆಳಗೆ ಬರೆಯಬೇಕಾದ ಮೊದಲ ಸಾಲನ್ನು ಆ ಗ್ರಂಥಾಲಯದವಳ ಕೈಗೆ ಇವತ್ತೇ ಬರೆದುಕೊಟ್ಟಿದ್ದೇನೆ. ಹಾಕದಿದ್ದರೆ ನಿನ್ನ ಹತ್ತಿರವಾದರೂ ಇರಲಿ:

ಪುಟ ೧೧೨, ಸಾಲು ಒಂಬತ್ತು. ತಪ್ಪು: ೨೪. ಒಪ್ಪು: ೪೨.
ಮೊದಲ ಮುದ್ರಣದ ಚೀಟಿ, ಕೊನೆಯ ಸಾಲು. ತಪ್ಪು: ಲೇಖಕ. ಒಪ್ಪು: ಕರಡು ತಿದ್ದಿದ ಅಣ್ಣ.