ಸ್ಟ್ಯಾಂಡಿಲ್ಲದ ಸೈಕಲ್ಲಿಗೆ ಪೂಜೆ

ಶೆಟ್ಟಿಹಳ್ಳಿ, ತುಮಕೂರು
೧೨-೬-೨೦೨೫, ಗುರುವಾರ ಮಧ್ಯಾಹ್ನ

ಪ್ರೀತಿಯ ತಂಗಿ ಶಾಂತಾ,

ಹೇಗಿದ್ದೀಯ? ಮಂಡಿ ನೋವು ಕಡಿಮೆಯಾಯಿತೇ? ಫ್ರಾನ್ಸಿನ ಬ್ರೆಡ್ಡು, ಬೆಣ್ಣೆ ಹೊಟ್ಟೆಗೆ ಹಿಡಿಯಿತೇ, ಇಲ್ಲ ಚಟ್ನಿಪುಡಿ ಡಬ್ಬಿ ಆಗಲೇ ಖಾಲಿಯೇ? ನಿನ್ನ ಜೊತೆ ಹೊರಟ ಕಾವ್ಯ ನಿನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಅವಳ ಸರಿಸಮ ಸೈಕಲ್ ತುಳಿಯಲು ಹೋಗಬೇಡ. ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ಮರೆಯದೆ ನುಂಗುತ್ತೇನೆ. ಮುದ್ದೆ ಮಾತ್ರ ಈಗಲೂ ಗಂಟು ಗಂಟೇ. ನಿನ್ನ ಅತ್ತಿಗೆ ಇದ್ದಾಗ ಅಡುಗೆಮನೆಗೆ ಕಾಲಿಡದವನು, ಅವಳು ಹೋದ ಮೇಲೆ ನಿನ್ನ ಕೈಯಡುಗೆ ಉಂಡುಕೊಂಡು ಇದ್ದವನು. ಸಾರು ಪಕ್ಕದ ಸದಾಶಿವಯ್ಯನ ಮನೆಯಿಂದ ಬರುತ್ತದೆ. ಉಪ್ಪು ಜಾಸ್ತಿ. ಹೇಳಲಾಗುತ್ತದೆಯೇ?

ಶಾಂತಾ, ಮುಂದೆ ಓದುವ ಮುಂಚೆ ಒಂದು ಕೆಲಸ ಮಾಡು. ಸೈಕಲ್ಲಿನಿಂದ ಇಳಿ. ಪೆಡಲ್ಲಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಎಡಗಡೆ ಕೊಳವೆಗೆ ನಾನು ಅರಿಶಿನದ ದಾರ ಸುತ್ತಿದ್ದೇನಲ್ಲ, ಅದನ್ನು ಕತ್ತರಿಸು. ಕೆಳಗೆ ಒಂದು ಬಿರುಕಿದೆ. ನೀನು ಹೇಳಿದ ನಾಳೆಯ ಕಾಡಿನ ಇಳಿಜಾರನ್ನು ಆ ಸೈಕಲ್ಲಿನಲ್ಲಿ ಇಳಿಯಬೇಡ. ಈ ಪುಟಗಳ ಫೋಟೋ ತೆಗೆದು ನಿನಗೂ ಕಾವ್ಯಳಿಗೂ ಇಬ್ಬರಿಗೂ ಕಳಿಸುತ್ತಿದ್ದೇನೆ. ಅವಳೂ ಓದಲಿ. ಇನ್ನು ನನ್ನ ಮಾನ ಉಳಿಸಿಕೊಳ್ಳುವ ಕಾಲ ಅಲ್ಲ ಇದು.

ಬೆಳಗ್ಗೆ ಫೋನಿನಲ್ಲಿ ಇದನ್ನೇ ಹೇಳಲು ಹೊರಟಿದ್ದೆ. ‘ಇವತ್ತು ಸೈಕಲ್ ಹತ್ತಬೇಡ ಕಣೇ’ ಎಂದೆ. ನೀನು ಬಾಯಲ್ಲಿ ಬ್ರೆಡ್ಡು ಇಟ್ಟುಕೊಂಡೇ ನಕ್ಕೆ. ‘ಏನಣ್ಣ, ರಾಹುಕಾಲಾನಾ? ಅಲ್ಲೀದೋ, ಇಲ್ಲೀದೋ?’ ಎಂದೆ. ಹಿಂದಿನಿಂದ ಕಾವ್ಯ ‘ಅಂಕಲ್, ಯಮಗಂಡ ಬಿಟ್‌ಬುಟ್ರಲ್ಲ!’ ಎಂದು ಕೂಗಿದಳು, ಇಬ್ಬರೂ ನಗುತ್ತಲೇ ಫೋನ್ ಇಟ್ಟಿರಿ. ನಗುವುದರಲ್ಲಿ ತಪ್ಪಿಲ್ಲ. ನೀನು ವಿಮಾನ ಇಳಿದ ದಿನದಿಂದ ನಾನು ಮಾಡಿದ್ದೇ ಅದು. ಒಂದು ದಿನ ಅಲ್ಲಿ ಗುಡುಗು ಎಂದೆ. ಫೋಟೋದಲ್ಲಿ ಒಂಟಿ ನಾಯಿ ಕಂಡು ಹುಚ್ಚುನಾಯಿ ಎಂದೆ. ಮಂಗಳವಾರ, ನಾಳೆ ಕಾರಹುಣ್ಣಿಮೆ, ಎತ್ತಿಗೇ ರಜಾ, ನಿನಗೆ ಬೇಡವಾ ಎಂದೆ. ಇಷ್ಟೆಲ್ಲ ಸುಳ್ಳು ಭಯ ಹೇಳಿದವನು ನಿಜ ಹೇಳಿದರೆ ಯಾರು ನಂಬುತ್ತಾರೆ? ಅದಕ್ಕೇ ನಡೆದದ್ದೆಲ್ಲ ಬರೆಯುತ್ತಿದ್ದೇನೆ. ಪೂರ್ತಿ ಹೇಳದಿದ್ದರೆ ನೀನು ನಂಬುವುದಿಲ್ಲ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ‘ಆನೆಸ್ಟ್ ಕನ್ಫೆಷನ್ ಈಸ್ ಗುಡ್ ಫಾರ್ ದಿ’ ಏನೋ ಒಂದು ಎನ್ನುತ್ತಿದ್ದರು. ಯಾವುದಕ್ಕೆ ಗುಡ್ ಎನ್ನುವುದು ಮರೆತುಹೋಗಿದೆ.

ನೀನು ಬ್ಯಾಂಕಿಗೆ ರಜೆ ಹಾಕಿ ಹೊರಡುವ ಮುಂಚಿನ ವಾರದ ಮಾತು. ಟಾರು ರಸ್ತೆ ಬಿಟ್ಟು ಜಲ್ಲಿ ಹಾದಿ, ಮಣ್ಣು ಹಾದಿ ಹುಡುಕಿಕೊಂಡು ಫ್ರಾನ್ಸಿನ ಹಳ್ಳಿಗಳನ್ನು ಸುತ್ತುವುದು ಎಂದು ನೀನು ಹೇಳಿದಾಗ ನಾನೇನು ಅಂದೆ? ‘ಮಣ್ ರೋಡ್ ತುಳಿಯಕ್ಕೆ ಫ್ರಾನ್ಸಿಗೆ ಹೋಗ್ಬೇಕೇನೇ? ಊರ್ಡಿಗೆರೆ ಕಡೆ ಹೋಗು, ಬೇಕಾದಷ್ಟೈತೆ.’ ಅದಕ್ಕೆ ನೀನು ಸಿಟ್ಟಾಗಲಿಲ್ಲ. ‘ಊರ್ಡಿಗೆರೇಲಿ ಎಲ್ಲಾರೂ ನಿಲ್ಸಿ ಕೇಳ್ತಾರಣ್ಣ, ಯಾರ ಮಗಳು, ಗಂಡ ಏನ್ ಮಾಡ್ತಾನೆ, ಈ ವಯಸ್ನಲ್ಲಿ ಯಾಕಿಂಗೆ ಹೊಂಟೆ ಅಂತ. ಯಾರೂ ಏನೂ ಕೇಳದೇ ಇರೋ ದಾರೀಲಿ ಒಂದ್ ಸಲ ಹೋಗ್ಬೇಕು’ ಎಂದೆ. ಐವತ್ತೆರಡು ವಯಸ್ಸಿನವರೆಗೂ ಮದುವೆಯ ಮಾತು ಬಂದಾಗಲೆಲ್ಲ ತಳ್ಳಿಹಾಕಿ, ಅಮ್ಮನನ್ನು ನೋಡಿಕೊಂಡು, ಆಮೇಲೆ ನನ್ನನ್ನೂ ನೋಡಿಕೊಂಡವಳು ನೀನು. ಹಾಗಾದರೆ ಪೂಜೆಯಾದರೂ ಆಗಲಿ ಎಂದೆ. ‘ಅದು ಸೈಕಲ್ಲು ಕಣಣ್ಣ, ಲಾರಿ ಅಲ್ಲ’ ಎಂದು ನಕ್ಕು ನೀನು ಬ್ಯಾಂಕಿಗೆ ಹೋದೆ.

ನೀನು ಹೋದದ್ದೇ ತಡ, ಸದಾಶಿವಯ್ಯನ ಲಗೇಜ್ ಆಟೋದಲ್ಲಿ ಸೈಕಲ್ ಹಾಕಿಸಿಕೊಂಡು ಗುಬ್ಬಿಗೆ, ನಮ್ಮ ಮನೆದೇವರ ಗುಡಿಗೆ ಹೋದೆ. ಹಾರ, ನಿಂಬೆಹಣ್ಣು, ಕುಂಕುಮ ಎಲ್ಲ ತಂದೆ. ಆದರೆ ನಿನ್ನ ಸೈಕಲ್ಲಿಗೆ ಸ್ಟ್ಯಾಂಡೇ ಇಲ್ಲ. ಗೋಡೆಗೆ ಒರಗಿಸಿದರೆ ದೇವರಿಗೆ ಬೆನ್ನು, ಕೈಯಲ್ಲಿ ಹಿಡಿದು ನಿಂತರೆ ಮಂಗಳಾರತಿ ತೆಗೆದುಕೊಳ್ಳಲು ಕೈಯಿಲ್ಲ. ಅರ್ಚಕರು ‘ಮೊದ್ಲು ನೆಟ್ಟಗೆ ನಿಲ್ಸ್ರೀ ಸ್ವಾಮಿ, ಆಮೇಲೆ ಪೂಜೆ’ ಎಂದರು. ಅಷ್ಟು ದುಡ್ಡು ಕೊಟ್ಟ ಗಾಡಿಗೆ ಒಂದು ಸ್ಟ್ಯಾಂಡ್ ಕೊಟ್ಟಿಲ್ಲವಲ್ಲ, ಪಾಪ ಫ್ರಾನ್ಸಿನಲ್ಲಿ ಎಲ್ಲಿ ನಿಲ್ಲಿಸುತ್ತಾಳೆ ಎಂದು ನನಗೂ ಅನ್ನಿಸಿತು. ಸಂತೆಬೀದಿಯ ರಾಮಾಂಜಿನಯ್ಯನ ಅಂಗಡಿಗೆ ತಳ್ಳಿಕೊಂಡು ಹೋದೆ. ಅವನು ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ, ‘ಏನ್ ಸಾ ಇದು, ಹಪ್ಳ ಇದ್ದಂಗೈತೆ’ ಎಂದು ನಕ್ಕ. ನಾನೂ ನಕ್ಕೆ. ಎಡಗಡೆ ಕೊಳವೆಗೆ ಕ್ಲಾಂಪ್ ಕೂರಿಸಿ ನಟ್ಟು ಬಿಗಿದ. ಸ್ಟ್ಯಾಂಡು ಜಾರಿತು. ‘ಇನ್ನೊಂಚೂರು ಬಿಗಿಯಯ್ಯ’ ಎಂದವನು ನಾನು. ಅವನಲ್ಲ, ನಾನು. ಬಿಗಿದ. ಟಪ್ ಎಂದಿತು.

ಇಬ್ಬರೂ ಬಗ್ಗಿ ನೋಡಿದೆವು. ಕೂದಲಿನಷ್ಟು ತೆಳ್ಳಗೆ ಒಂದು ಗೆರೆ. ‘ಬಣ್ಣ ಸಾ, ಬಣ್ಣ ಬಿಟ್ಟೈತೆ ಅಷ್ಟೇಯ’ ಎಂದ. ನಾನು ಆ ಮಾತನ್ನು ಹಿಡಿದುಕೊಂಡೆ. ಪೂಜೆ ಮುಗಿದ ಮೇಲೆ, ನಿನಗೆ ಇಷ್ಟವಾಗುವುದಿಲ್ಲವೆಂದು ಸ್ಟ್ಯಾಂಡ್ ಬಿಚ್ಚಿಸಿದೆ. ಗೆರೆ ಕಾಣುತ್ತಿತ್ತು. ಅದರ ಮೇಲೆ ದೇವರ ದಾರ ಸುತ್ತಿದೆ, ಏಳೆಂಟು ಸುತ್ತು. ಸಂಜೆ ನೀನು ಬಂದು ಹಾರ ಹಾಕಿಕೊಂಡ ಸೈಕಲ್ ನೋಡಿದಾಗ ಬೈಯುತ್ತೀಯ ಎಂದುಕೊಂಡಿದ್ದೆ. ಬೈದಿದ್ದರೆ ಜಗಳಕ್ಕೆ ಜಗಳ ಬೆಳೆದು ಬಾಯಿಬಿಡುತ್ತಿದ್ದೆನೋ ಏನೋ. ನೀನು ಸುಮ್ಮನೆ ನನ್ನ ಕಾಲು ಮುಟ್ಟಿ, ‘ನೀನು ಒಪ್ಕೊಂಡ್ಯಲ್ಲ ಅಣ್ಣ, ಸಾಕು’ ಎಂದೆ. ದೇವರನ್ನು ಅಷ್ಟಾಗಿ ನಂಬದವಳು, ‘ಈ ದಾರ ನಾನು ಬಿಚ್ಚಲ್ಲ’ ಎಂದೆ. ಗೆರೆಯ ಮಾತು ಬಿಟ್ಟು ಆಶೀರ್ವಾದ ಮಾಡಿದೆ.

ಆಮೇಲೆ ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಕಾಲುವೆ ಪಕ್ಕದ ಬಿಳಿ ಜಲ್ಲಿ ಹಾದಿ, ಎರಡೂ ಕಡೆ ಎತ್ತರದ ಮರ. ಮರದಡಿ ಮಲಗಿದ ಬಿಳಿ ಹಸುಗಳು. ಸೋಮವಾರವೆಂದು ಬ್ರೆಡ್ಡಿನ ಅಂಗಡಿಯೂ ಮುಚ್ಚಿದ್ದ ಊರು. ‘ಬೆಳಗಿಂದ ಒಬ್ಬರೂ ಮಾತಾಡಿಸಿಲ್ಲ ಅಣ್ಣ, ಎಂಥಾ ಸುಖ’ ಎಂದು ಕೆಳಗೆ ಬರೆದಿದ್ದೆ. ಸದಾಶಿವಯ್ಯನಿಗೆ ತೋರಿಸಿದರೆ ಅವನು ಹಸು ನೋಡಿ ಎಷ್ಟು ಲೀಟರ್ ಕರೆಯಬಹುದು ಎಂದು ಕೇಳುತ್ತಾನೆ. ನಾನು ಮಾತ್ರ ಫೋಟೋ ಹಿಗ್ಗಿಸಿ ಹಿಗ್ಗಿಸಿ ಆ ದಾರದ ಹಳದಿ ಚುಕ್ಕೆಯನ್ನೇ ನೋಡುತ್ತಿದ್ದೆ. ಬಣ್ಣವೇ ಇರಬೇಕು, ಬಣ್ಣವೇ ಇರಬೇಕು ಎಂದುಕೊಳ್ಳುತ್ತಿದ್ದೆ.

ನಿನ್ನೆ ಹುಣ್ಣಿಮೆ ಊಟಕ್ಕೆ ಕುಣಿಗಲ್ಲಿಗೆ, ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಮಗ ಕಾಂತೇಶ ನಿಮ್ಮ ಭಾನುವಾರದ ಸೈಕಲ್ ಗುಂಪಿನವನಲ್ಲವೇ, ಬಾಯಿ ಮುಚ್ಚಿದರೆ ತಾನೆ? ದೇವರಾಯನದುರ್ಗದ ಇಳಿಜಾರಿನಲ್ಲಿ ಅವನ ಸ್ನೇಹಿತನ ಸೈಕಲ್ ಮುರಿದು ದವಡೆಗೆ ತಂತಿ ಹಾಕಿದ ಕಥೆ ಶುರುಮಾಡಿದ. ನಾನು ಏನೂ ಗೊತ್ತಿಲ್ಲದವನ ಹಾಗೆ, ಯಾಕೆ ಮುರಿಯಿತು ಎಂದೆ. ‘ಒಂದ್ ಸಣ್ ಬಿರುಕು ಅಣ್ಣಯ್ಯ. ಕಬ್ಬಿಣ ಆದ್ರೆ ಬಾಗ್ತದೆ. ಇದು ಕಾರ್ಬನ್ನು, ಬಾಗಲ್ಲ. ಹೇಳ್ದೆ ಕೇಳ್ದೆ ತುಂಡಾಗ್‌ಬುಡ್ತದೆ. ಶಾಂತಕ್ಕಂದೂ ಅದೇ ಜಾತೀದು’ ಎಂದ. ಆಗಲೇ ಅವನ ಕೈಯಿಂದ ನಿನಗೆ ಫೋನ್ ಮಾಡಿಸಬಹುದಿತ್ತು. ಮಾಡಿಸಲಿಲ್ಲ. ನೆಂಟರ ಎದುರಿಗೆ ನಾಚಿಕೆ. ಬಸ್ಸು ಹತ್ತಿ ಮನೆಗೆ ಬಂದು, ಬೆಳಗಾಗಲಿ ಎಂದು ಕೂತೆ. ಹಾಗೆ ಕೂತದ್ದಕ್ಕೆ ನೀನು ಏನು ಬೈದರೂ ಕೇಳುತ್ತೇನೆ.

ಇಷ್ಟು ಓದಿದ ಮೇಲೆ ನನಗೆ ಒಂದು ಉತ್ತರ ಹಾಕು. ಬೈಗುಳವೇ ಆಗಲಿ, ‘ಇಳಿದೆ’ ಎಂದು ಒಂದೇ ಮಾತಾಗಲಿ. ಅದು ಬರುವವರೆಗೂ ನಾನು ಫೋನ್ ಕೆಳಗಿಡುವುದಿಲ್ಲ. ಕಾವ್ಯಾ, ನಿನಗೂ ಹೇಳುತ್ತಿದ್ದೇನಮ್ಮ, ಅವಳು ಹಟ ಮಾಡಿದರೆ ಚಕ್ರದ ಗಾಳಿ ತೆಗೆದುಬಿಡು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ನನ್ನ ಆಶೀರ್ವಾದಕ್ಕೆ ಈಗ ಎಷ್ಟು ಬೆಲೆಯಿದೆಯೋ ತಿಳಿಯದು, ಆದರೂ ಇದೆ ಅಂದುಕೊಂಡು ತೆಗೆದುಕೊ.

ವಿತ್ ಡ್ಯೂ ರಿಗ್ರೆಟ್ಸ್,
ನಿನ್ನ ಅಣ್ಣ
ನಾಗಭೂಷಣ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ಈ ಪುಟ ನಿನಗೊಬ್ಬಳಿಗೇ ಕಳಿಸುತ್ತೇನೆ. ರಾಮಾಂಜಿನಯ್ಯನ ಅಂಗಡಿಯಲ್ಲಿ ಟಪ್ ಎಂದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ, ಶಾಂತಾ. ಸದ್ಯ, ಇವಳು ಇನ್ನು ಹೋಗುವುದಿಲ್ಲ ಎಂದು ಸಂತೋಷವಾಯಿತು. ಗಾಬರಿ ಆಮೇಲೆ ಬಂತು. ಬೇಕೆಂದು ಮಾಡಲಿಲ್ಲ, ದೇವರಾಣೆ. ಆದರೆ ಆದದ್ದು ನನಗೆ ಬೇಕಾಗಿತ್ತು. ಈಗ ನೀನು ಸಿಟ್ಟಿಗೋ, ನನ್ನ ಮೇಲಿನ ಕನಿಕರಕ್ಕೋ ಟಿಕೆಟ್ ಬದಲಾಯಿಸಿ ಬಂದುಬಿಟ್ಟರೆ ನನ್ನ ಆ ಆಸೆ ಪೂರ್ತಿಯಾಗಿಬಿಡುತ್ತದೆ. ಬರಬೇಡ. ಅಲ್ಲೇ ಬೇರೆ ಸೈಕಲ್ ಬಾಡಿಗೆಗೆ ಸಿಗುತ್ತದೆಯೋ ಕೇಳು, ಸ್ಟ್ಯಾಂಡ್ ಇರಲಿ ಬಿಡಲಿ. ಆ ಕಾಡು ದಾಟಿ ಹೋಗು. ನಾನೂ ಇನ್ನು ದಿನಾ ಫೋನ್ ಮಾಡುವುದಿಲ್ಲ.